ಅತ್ತೆಯ ಬಸ್ಸಿಗೊಂದು ಮಾಡು

ಸಂಜೆ ನಾಲ್ಕೂ ಇಪ್ಪತ್ತಕ್ಕೆ ಗಾಳಿ ದಿಕ್ಕು ಬದಲಿಸಿತು. ಆಗ ಅತ್ತೆ ಬಸ್ಸಿನ ಬದಿಯಿಂದ ಚಾಚಿದ್ದ ಬಟ್ಟೆಯ ಅಡಿಯಲ್ಲಿ ನಿಂತು, ಬಲಗೈ ಎತ್ತಿ ಅಂಗೈಯನ್ನು ಬಟ್ಟೆಗೆ ಒತ್ತಿ ಹಿಡಿದಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ. ದಪ್ಪ ಗೆಣ್ಣಿನ ಕೈ. ಉಗುರು ಯಾವಾಗಲೂ ಬುಡದವರೆಗೆ ಕತ್ತರಿಸಿರುತ್ತಿತ್ತು. ವರ್ಷಗಟ್ಟಲೆ ಆಸ್ಪತ್ರೆಯ ಸಾಬೂನಿಗೆ ತೊಳೆದು ತೊಳೆದು ಬೆರಳ ತುದಿಗಳು ಬಿಳುಚಿಕೊಂಡಿದ್ದವು. ಬಟ್ಟೆ ಆ ಅಂಗೈಯನ್ನು ಒಮ್ಮೆ ಕೆಳಗೆ ದೂಡಿ, ಮರುಕ್ಷಣ ಅದನ್ನು ಬಿಟ್ಟು ಮೇಲೆದ್ದಿತು.

"ಬಟ್ಟೆ ಸುತ್ತುವ, ಮಗಳೇ, ಈಗಲೇ," ಅಂದರು.

ಬಟ್ಟೆಯ ಕೆಳಗೆ ಚಕ್ರದ ಮಂಚದ ಮೇಲೆ ಅಪ್ಪ ಮಲಗಿದ್ದರು. ಅಪ್ಪ ಏಳಲಾರರು, ಓಡಲಾರರು.

ಅತ್ತೆ ನನ್ನ ಅಪ್ಪನ ಅಕ್ಕ. ಗಲ್ಫಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ನಿವೃತ್ತಿಯಾದ ಮೇಲೆ ಬೋವಿಕಾನದ ನಮ್ಮ ಮನೆಯ ಪಕ್ಕದಲ್ಲೇ ಬಂದು ನೆಲೆಸಿದವರು. ಉಳಿದವರೆಲ್ಲ ಊರಿಗೆ ಬಂದು ಮನೆಗೆ ಮಹಡಿ ಏರಿಸಿದರೆ ಅತ್ತೆ ಶಾಲೆಯೊಂದು ಮಾರಿದ ಹಳೆಯ ಮಿನಿ ಬಸ್ಸು ತಂದು ಅಂಗಳದಲ್ಲಿ ನಿಲ್ಲಿಸಿದರು. ಸೀಟುಗಳನ್ನು ಕಿತ್ತು ಹಾಕಿಸಿದರು. ಒಂದು ಮಂಚ, ಒಂದು ಸಣ್ಣ ಅಡುಗೆ ಕಟ್ಟೆ, ನೀರಿನ ಟ್ಯಾಂಕಿ, ಹಿಂದಿನ ಬಾಗಿಲಿಗೆ ಮಂಚ ಇಳಿಸುವ ಹಲಗೆ. ಓಡಿಸುವವರೂ ಅವರೇ. ಬಸ್‌ಸ್ಟ್ಯಾಂಡಿನ ಹತ್ತಿರ ಯಾರಾದರೂ "ಎಂತ ಟೀಮು ಇದು, ಸರ್ಕಸ್ಸಾ?" ಎಂದು ಕೇಳಿದರೆ, "ಹೌದು ಮಾರಾಯ, ಒಂದು ಮಂಗ ಕಡಿಮೆ ಉಂಟು, ಬಾ, ಬಸ್ಸು ಹತ್ತು," ಎನ್ನುತ್ತಿದ್ದರು.

ಆ ಬಸ್ಸು ಹಾಸಿಗೆ ಹಿಡಿದವರಿಗಾಗಿ. ಮೊದಲು ನನ್ನ ಅಪ್ಪನಿಗಾಗಿ, ಆಮೇಲೆ ಸುತ್ತಿನ ಮನೆಗಳಲ್ಲಿ ವರ್ಷಗಟ್ಟಲೆ ಒಂದೇ ಕಿಟಕಿ ನೋಡಿಕೊಂಡು ಮಲಗಿದವರಿಗಾಗಿ. "ಇವರಿಗೆ ಮದ್ದು ಮನೆಗೆ ಬರ್ತದೆ, ಡಾಕ್ಟ್ರು ಬರ್ತಾರೆ. ಆಕಾಶ ಬರುವುದಿಲ್ಲ," ಎಂದು ಅತ್ತೆ ಹೇಳುತ್ತಿದ್ದರು. ರೋಗಿಯ ಮನೆಗೆ ಹೋದರೆ "ಹೇಗಿದ್ದೀರಿ" ಎಂದು ಅವರು ಕೇಳಿದ್ದು ನನಗೆ ನೆನಪಿಲ್ಲ. ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಲಗಿದವರ ಕಣ್ಣಿಗೆ ತನ್ನ ಕಣ್ಣು ಸಮ ಮಾಡಿಕೊಂಡು, "ಇವತ್ತು ಎಲ್ಲಿಗೆ ಹೋಗುವ?" ಎಂದು ಕೇಳುತ್ತಿದ್ದರು.

ಬಿಸಿಲಲ್ಲಿ ಮಂಚ ಇಳಿಸುವುದು ಹೇಗೆ? ಹಾಗಾಗಿ ಬಸ್ಸಿಗೆ ಆನಿಂಗ್ ಬೇಕಾಯಿತು. ಬಸ್ಸಿನ ಬದಿಯಲ್ಲಿ ಸುರುಳಿಯಾಗಿ ಸುತ್ತಿಕೊಂಡಿದ್ದು, ಬೇಕೆಂದಾಗ ಹೊರಗೆ ಚಾಚುವ ಬಟ್ಟೆಯ ಮಾಡು, ಅಂದರೆ ಸೂರು. ನಮ್ಮ ಕಡೆಯ ಅನಂತಪುರದ ಕೈಗಾರಿಕಾ ಎಸ್ಟೇಟಿನ ಹತ್ತಿರ ಅಂಥದ್ದನ್ನು ಕೂರಿಸಿ ಕೊಡುವ ಒಂದು ವರ್ಕ್‌ಶಾಪ್ ಉಂಟು. ನಾನು ಫೋನಿನಲ್ಲಿ ವೀಡಿಯೊಗಳನ್ನು ನೋಡಿ ಮೋಟಾರಿನದ್ದೇ ಆಗಬೇಕೆಂದು ಮನಸ್ಸು ಮಾಡಿಕೊಂಡು ಹೋಗಿದ್ದೆ. ಗುಂಡಿ ಒತ್ತಿದರೆ ಹೊರಗೆ, ಇನ್ನೊಮ್ಮೆ ಒತ್ತಿದರೆ ಒಳಗೆ. ಅತ್ತೆ ಅದನ್ನು ನೋಡಿ ತಲೆಯಲ್ಲಾಡಿಸಿದರು. "ಬ್ಯಾಟರಿ ಸತ್ತ ದಿವಸ ಗುಂಡಿಗೆ ನಮಸ್ಕಾರ ಹಾಕುವುದಾ? ಕೈಯಲ್ಲಿ ತಿರುಗಿಸುವುದು ಇರಲಿ."

ಬಟ್ಟೆ ಆರಿಸುವಾಗ ಅವರು ಮಾಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ವರ್ಕ್‌ಶಾಪಿನವನು ಮಾದರಿಗೆಂದು ನೀಲಿ, ಹಸಿರು, ಬೂದು ಬಟ್ಟೆಗಳನ್ನು ಚಾಚಿ ತೋರಿಸಿದ. ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಒಂದು ರಟ್ಟು ಹಾಸಿ, ಒಂದೊಂದರ ಕೆಳಗೂ ಅಂಗಾತ ಮಲಗಿದರು. ಕಬ್ಬಿಣ ಕೊಯ್ಯುತ್ತಿದ್ದವರೆಲ್ಲ ಕೆಲಸ ನಿಲ್ಲಿಸಿ ನೋಡತೊಡಗಿದರು.

"ನೀಲಿ ಲಾಯ್ಕ ಉಂಟು ಅಮ್ಮಾ, ಎಲ್ಲರೂ ತಕ್ಕೊಳ್ಳುವುದು ಅದನ್ನೇ," ಎಂದ ವರ್ಕ್‌ಶಾಪಿನವನು.

"ನಿಂತವರಿಗೆ ಲಾಯ್ಕ. ಇಲ್ಲಿ ನಿಂತ ಈ ಹುಡುಗಿಯ ಮುಖ ನೋಡು ಇದರ ಅಡಿಯಲ್ಲಿ, ಸತ್ತು ಮೂರು ದಿವಸ ಆದ ಹಾಗೆ ಕಾಣ್ತದೆ. ರೋಗಿಯ ತುಟಿ ನೀಲಿ ತಿರುಗಿದರೆ ನನಗೆ ಗೊತ್ತಾಗುವುದು ಬೇಡವಾ?"

ಕೊನೆಗೆ ಅಕ್ಕಿ ತೊಳೆದ ನೀರಿನ ಬಣ್ಣದ್ದನ್ನು ಆರಿಸಿದರು. ಎರಡು ಕಾಲುಗಳನ್ನು ನೆಲಕ್ಕೂರಿ ನಿಲ್ಲುವ ನಮೂನೆ ಇರಲಿ, ಅದು ಗಟ್ಟಿ ಎಂದರು.

ಆ ಕಾಲುಗಳಿಂದಲೇ ಆದದ್ದು. ಅಪ್ಪ ವೈರಿಂಗ್ ಕೆಲಸದವರು. ಏಣಿಯಿಂದ ಬಿದ್ದು ಸೊಂಟದ ಕೆಳಗೆ ಬಲ ಹೋಗುವವರೆಗೆ ನಮ್ಮ ಆಸುಪಾಸಿನ ಯಾವ ಮದುವೆಯ ಚಪ್ಪರವೂ ಅವರು ಕೈಯಾಡಿಸದೆ ಮುಗಿಯುತ್ತಿರಲಿಲ್ಲ. ನೆರೆಕರೆಯವರೆಲ್ಲ ಸೇರಿ ಹಿಂದಿನ ದಿನ ಚಪ್ಪರ ಹಾಕುವುದು, ಕೊನೆಗೆ ಅಪ್ಪ ಒಂದೊಂದು ಕಂಬಕ್ಕೂ ಜೋತುಬಿದ್ದು ಕಟ್ಟು ಪರೀಕ್ಷಿಸುವುದು. ಹಾಕಿದ ಚಪ್ಪರವನ್ನು ಕಾರ್ಯ ಮುಗಿಯುವ ಮೊದಲು ಬಿಚ್ಚುವ ಕ್ರಮ ನಮ್ಮಲ್ಲಿಲ್ಲ. ಗಾಳಿ ಬಂದರೆ ಇನ್ನೊಂದು ಹಗ್ಗ ಬಿಗಿಯುತ್ತಾರೆ, ಅಷ್ಟೆ.

ಅಕ್ಟೋಬರ್ ಕೊನೆಯ, ತುಲಾ ತಿಂಗಳ ಆ ದಿನ ನಾವು ಮೀಂಜದ ಕಡೆ ಗುಡ್ಡದ ನೆತ್ತಿಯ ಒಂದು ಪದವು ನೆಲಕ್ಕೆ ಹೋಗಿದ್ದೆವು. ಸುತ್ತ ಕೆಂಪು ಕಲ್ಲಿನ ಬಯಲು, ಒಣಗುತ್ತಾ ಬಂದ ಹುಲ್ಲು. ಬಟ್ಟೆ ಚಾಚಿ, ಕಾಲೂರಿಸಿ, ಅಪ್ಪನ ಮಂಚ ಇಳಿಸಿದೆವು. ಅಪ್ಪ ಮಲಗಿದಲ್ಲಿಂದಲೇ ಕಾಲುಗಳನ್ನು ನೋಡಿದರು.

"ಎಂತ ಅಕ್ಕ ಇದು, ಕಟ್ಟದೆ ಬಿಟ್ಟಿದ್ದೀ? ನೋಡಿದವರು ನಗಾಡ್ತಾರೆ. ಬಸ್ಸಿನಲ್ಲಿ ಹಗ್ಗ ಉಂಟಲ್ಲ?"

ಗೂಟ ಹೊಡೆಯಲು ಅಲ್ಲಿ ಮಣ್ಣಿಲ್ಲ. ಹತ್ತಿರದ ಹಳೆಯ ಕಲ್ಲುಕೋರೆಯಲ್ಲಿ ಬಿಟ್ಟುಹೋದ ಕಲ್ಲುಗಳಿದ್ದವು. ಅಪ್ಪ ಹೇಳಿಕೊಟ್ಟಂತೆ ಅತ್ತೆಯೇ ಎರಡು ಕಾಲಿಗೂ ಒಂದೊಂದು ಕಲ್ಲು ಕಟ್ಟಿದರು. "ಹಾಗಲ್ಲ, ಅಡಿಯಿಂದ ತಾ. ಇನ್ನೊಂದು ಸುತ್ತು. ಬಿಗಿ, ಬಿಗಿ! ನಿನಗೆ ಬ್ಯಾಂಡೇಜು ಕಟ್ಟಿ ಅಭ್ಯಾಸ, ಇದು ಚಪ್ಪರ!" ಅಪ್ಪ ಬಿದ್ದ ಮೇಲೆ ಅವರ ಸ್ವರ ಅಷ್ಟು ದೊಡ್ಡದಾದದ್ದನ್ನು ನಾನು ಕೇಳಿರಲಿಲ್ಲ. ಅತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ, "ಸುತ್ತುವ ಮಾಡನ್ನು ಕಟ್ಟಬಾರದು. ಆದರೆ ನೋಡು ಅವನನ್ನು," ಅಂದರು. ನೋಡಿದೆ. ಅಪ್ಪನ ಮುಖ ಕೆಂಪೇರಿ ಬೆವರಿತ್ತು, ಕೆಲಸ ಮಾಡಿದವರ ಮುಖದ ಹಾಗೆ.

ಮೋಡ ಮೂಡಣದಿಂದ ಬಂತು. ಅತ್ತೆ ಅಂಗೈ ಒತ್ತಿ ನೋಡಿ, ಸುರುಳಿಗೆ ಕೊಕ್ಕೆಯ ಕೋಲು ಸಿಕ್ಕಿಸಿ ತಿರುಗಿಸತೊಡಗಿದಾಗ ಬಟ್ಟೆ ಒಳಗೆ ಹೋಗಲೊಪ್ಪಲಿಲ್ಲ. ಕಟ್ಟುಗಳು ಎಳೆದು ಹಿಡಿದಿದ್ದವು. ನಾನು ಬಿಚ್ಚಲು ಕೂತೆ. ಗಾಳಿ ಬಟ್ಟೆಯ ಅಡಿಗೆ ನುಗ್ಗಿದಷ್ಟೂ ಗಂಟು ಬಿಗಿಯಾಯಿತು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಸ್ಕೂಟರ್ ನಿಲ್ಲಿಸಿ ಓಡಿ ಬಂದು ಕಾಲುಗಳನ್ನು ತಬ್ಬಿ ಹಿಡಿದರು. ಚಪ್ಪರ ಹಾರುವಾಗ ನಮ್ಮೂರಿನವರು ಮಾಡುವುದು ಅದನ್ನೇ.

"ಹಿಡಿಯಿರಿ, ಗಟ್ಟಿ ಹಿಡಿಯಿರಿ!" ಅಪ್ಪ ಕೂಗಿದರು.

"ಬಿಡಿ ಮಾರಾಯ್ರೇ! ದೂರ ಹೋಗಿ!" ಅತ್ತೆ ಕೂಗಿದರು.

ಅವರಿಬ್ಬರೂ ಬಿಟ್ಟು ಹಿಂದೆ ಸರಿದರು. ಬಟ್ಟೆ ಹಾಯಿಯ ಹಾಗೆ ಉಬ್ಬಿತು. ಒಂದು ಕಾಲು ಮೇಲಿನ ಕೀಲಿನಿಂದಲೇ ಕಿತ್ತುಕೊಂಡು ಕಲ್ಲಿನ ಸಮೇತ ನೆಲ ಬಿಟ್ಟಿತು. ಮಳೆ ಸುರಿಯತೊಡಗಿತ್ತು; ನಾನು ಗಂಟು ಬಿಟ್ಟು, ಬ್ರೇಕ್ ಹಾಕಿದ್ದನ್ನೂ ಮರೆತು, ಅಪ್ಪನ ಮಂಚವನ್ನು ಬಸ್ಸಿನ ಕಡೆಗೆ, ಮಾಡಿನ ಅಡಿಗೆ ಇನ್ನಷ್ಟು ಒಳಕ್ಕೆ ಎಳೆಯುತ್ತಿದ್ದೆ. ಅತ್ತೆ ಕೋಲು ಬಿಸಾಡಿ ಬಂದು, ಮಂಚದ ಬ್ರೇಕನ್ನು ಕಾಲಿನಿಂದ ಒದ್ದು ತೆಗೆದು, ನನ್ನನ್ನೂ ಸೇರಿಸಿ ಮಂಚವನ್ನು ಹೊರಗೆ, ಸುರಿಯುವ ಮಳೆಗೆ ದೂಡಿಬಿಟ್ಟರು. ಕಲ್ಲು ಹಗ್ಗದ ತುದಿಯಲ್ಲಿ ಬೀಸಿಕೊಂಡು ಬಂದು ಅಪ್ಪನ ತಲೆಯಿದ್ದ ಜಾಗವನ್ನು ದಾಟಿ ಬಸ್ಸಿನ ತಗಡಿಗೆ ಬಡಿಯಿತು. ಹೋಗುವ ದಾರಿಯಲ್ಲಿ ಕಬ್ಬಿಣದ ಕಾಲು ಅತ್ತೆಯ ಹೆಗಲ ಮೂಳೆ ಮುರಿಯಿತು.

ಮಳೆಯಲ್ಲಿ ಕೂತು ಒಂದೇ ಕೈಯಿಂದ ಅಪ್ಪನ ಮುಖ ಒರೆಸುತ್ತಾ ಅತ್ತೆ, "ನೆನೆದರೆ ಒರೆಸಬಹುದು," ಅಂದರು. 

ನಾನು ಭೌತಶಾಸ್ತ್ರ ಓದಿದವಳು. ಗಾಳಿ ಬಟ್ಟೆಯನ್ನು ಎತ್ತುವುದು ಯಾಕೆಂದು ಬರೆದು ತೋರಿಸಬಲ್ಲೆ. ಆದರೆ ಆಮೇಲಿನ ರಾತ್ರಿಗಳಲ್ಲಿ ಮಲಗಿದರೆ ಕೇಳುತ್ತಿದ್ದದ್ದು ತಗಡಿಗೆ ಕಲ್ಲು ಬಡಿದ ಆ ಶಬ್ದ ಮಾತ್ರ. ಕಣ್ಣು ಹತ್ತುವಷ್ಟರಲ್ಲಿ ಕನಸಿನಲ್ಲಿ ಮತ್ತೆ ಮಂಚ ಎಳೆಯುತ್ತಿದ್ದೇನೆ, ಮಾಡಿನ ಅಡಿಗೆ. ಎದ್ದು ಅಪ್ಪನ ಕೋಣೆಗೆ ಹೋದರೆ ಅವರೂ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದರು.

ಹಗಲಿಗೆ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಲು ತೊಡಗಿದರು. "ಇನ್ನು ನನ್ನನ್ನು ಹೊರಗೆ ಹಾಕಬೇಡಿ. ನನ್ನ ಕಟ್ಟಿನಿಂದ ಅಕ್ಕ ಸಾಯ್ತಿದ್ದಳು." ಊಟದ ತಟ್ಟೆ ಹಾಗೇ ಹಿಂದೆ ಬರುತ್ತಿತ್ತು. ಬಿದ್ದ ವರ್ಷವೂ ಅವರು ಹೀಗಾಗಿರಲಿಲ್ಲ. ನನಗೆ ಗಾಳಿಗಿಂತ ಆ ಗೋಡೆಯ ಹೆದರಿಕೆ ಹೆಚ್ಚಾಯಿತು. ಬಸ್ಸು ಮಾರಿಬಿಡುವ ಎಂದು ಅತ್ತೆಗೆ ಹೇಳಿದೆ.

"ಮಾರಿ ಎಂತ ಮಾಡುವುದು, ಅವನಿಗೆ ಇನ್ನೊಂದು ಗೋಡೆ ಕಟ್ಟಿಸುವುದಾ?" ಎಂದರು. ಕೈಯನ್ನು ಕೊರಳಿಗೆ ತೂಗುಹಾಕಿಕೊಂಡೇ ಅಪ್ಪನ ಕೋಣೆಗೆ ಹೋಗಿ ಕುಕ್ಕರಗಾಲಲ್ಲಿ ಕೂತರು. "ಏ ತಮ್ಮಾ, ತಪ್ಪು ನಿನ್ನ ಕಟ್ಟಿನದ್ದಲ್ಲ. ನಿನ್ನ ಕಟ್ಟು ಬಿಚ್ಚಲಿಲ್ಲವಲ್ಲ, ಅದೇ ತೊಂದರೆ ಆದದ್ದು. ಕಾಲಿರುವ ಮಾಡು ಆರಿಸಿದವಳು ನಾನು. ಈಗ ಇನ್ನೊಂದು ಆರಿಸಲಿಕ್ಕೆ ಹೋಗ್ಲಿಕ್ಕುಂಟು, ಏಳು."

"ಏಳು ಅಂತೆ," ಎಂದರು ಅಪ್ಪ ಗೋಡೆಗೆ.

"ಹೌದು, ಏಳು. ಏಳಿಸುವವರು ಇದ್ದೇವಲ್ಲ."

ಒಬ್ಬ ಡ್ರೈವರನ್ನು ಕರೆದು ಅಪ್ಪನನ್ನು ಬಸ್ಸಿನಲ್ಲಿ ಅನಂತಪುರಕ್ಕೆ ಕರಕೊಂಡು ಹೋದೆವು. ಮಡಚುವ ತೋಳುಗಳ ಮೇಲೆಯೇ ನಿಲ್ಲುವ, ನೆಲಕ್ಕೆ ಏನೂ ತಾಗದ ನಮೂನೆಯನ್ನು ಅತ್ತೆ ತೋರಿಸಿದರು. "ಇದು ಕೊಡಿ. ಕಾಲಿದ್ದರೆ ನಮ್ಮೂರಿನವರು ಕಟ್ಟದೆ ಬಿಡುವ ಜಾತಿಯಲ್ಲ." ವರ್ಕ್‌ಶಾಪಿನವನು ನಕ್ಕ. "ಚಿಕ್ಕದು ಸಾಕು. ಮಂಚಕ್ಕೆ ನೆರಳಾದರಾಯಿತು. ಮತ್ತೆ ತಿರುಗಿಸುವ ಕೋಲು ಉದ್ದ ಬೇಕು, ಮಲಗಿದವನ ಎದೆಯವರೆಗೆ ಬರಬೇಕು."

"ಪೇಶೆಂಟ್ ತಿರುಗಿಸುವುದಾ ಅಮ್ಮಾ?"

"ಕಾಲಿಗೆ ಪೇಶೆಂಟ್. ಕೈಗೆ ಎಂತ ಆಗಿದೆ? ಅಡಿಯಲ್ಲಿ ಮಲಗುವವನ ಕೈಯಲ್ಲಿರಬೇಕು ಅದು. ನಾವು ಬರುವುದನ್ನು ಅವನು ಯಾಕೆ ಕಾಯಬೇಕು?"

ಅಪ್ಪನ ಮಂಚದ ತಲೆಭಾಗ ಎತ್ತಿ ಕೋಲು ಕೈಗೆ ಕೊಟ್ಟರು. ಅಪ್ಪ ಅದರ ಹಿಡಿಯನ್ನು ಬೆರಳಿಂದ ತಡವಿ ನೋಡಿದರು. ಆಮೇಲೆ ತಿರುಗಿಸಿದರು. ಬಟ್ಟೆ ಹೊರಗೆ ಬಂತು, ಒಳಗೆ ಹೋಯಿತು. ಮೂರನೆಯ ಸಲ ಒಳಗೆ ಹೋಗುವಾಗ ಅಪ್ಪ, "ಇಲ್ಲಿ ಹಿಡೀತದೆ ನೋಡಿ, ಎಣ್ಣೆ ಬಿಡ್ಬೇಕು," ಎಂದರು. ಅತ್ತೆ ನನ್ನನ್ನು ಮೊಣಕೈಯಿಂದ ತಿವಿದರು.

ಹೆಗಲ ಮೂಳೆ ಕೂಡಿದ ಮೇಲೆ ಅತ್ತೆಯೇ ಓಡಿಸಿಕೊಂಡು ನಮ್ಮನ್ನು ಕಡಲಿನ ಹತ್ತಿರ ಕರಕೊಂಡು ಹೋದರು. ಮಧ್ಯಾಹ್ನ ಕಳೆದು, ಅಪ್ಪನನ್ನು ಹೊಸ ಮಾಡಿನ ಅಡಿಯಲ್ಲಿ ಬಿಟ್ಟು, ನಾನೂ ಅತ್ತೆಯೂ ಬಸ್ಸಿನೊಳಗೆ ಅಡುಗೆ ಕಟ್ಟೆಯಲ್ಲಿ ಚಾ ಸೋಸುತ್ತಿದ್ದೆವು. ಹೊರಗೆ ಮರಳು ಹಾರುವ ಸದ್ದಾಯಿತು. ನನ್ನ ಕೈಯಿಂದ ಲೋಟ ಬಿತ್ತು. ಓಡಲು ಹೊರಟವಳ ರಟ್ಟೆಯನ್ನು ಅತ್ತೆ ಹಿಡಿದುಕೊಂಡರು. ಗಟ್ಟಿಯಾಗಿಯೇ ಹಿಡಿದಿದ್ದರು. ಕಿಟಕಿಯಾಚೆ ಕೋಲಿನ ಕಿರ್ ಕಿರ್ ಶುರುವಾಗಿ, ಒಂದೇ ವೇಗದಲ್ಲಿ ನಡೆದು, ಸುರುಳಿಯ ಪೆಟ್ಟಿಗೆಯ ಬಾಯಿ ಮುಚ್ಚಿದ ಠಕ್ಕೆಂಬ ಶಬ್ದದೊಂದಿಗೆ ನಿಂತಿತು.

"ಸುತ್ತಿ ಆಯ್ತು!" ಅಪ್ಪ ಹೊರಗಿನಿಂದ ಕೂಗಿದರು. "ಒಳಗಿದ್ದವರು ಎಂತ ಮಾಡ್ತಿದ್ದೀರಿ? ಒದ್ದೆಯಾಗ್ತೇನೆ ನಾನು, ಬನ್ನಿ!"

ಅತ್ತೆ ಈಗಲೂ ಬಸ್ಸು ಓಡಿಸುತ್ತಾರೆ. ಅಪ್ಪನನ್ನು ಎರಡು ಸಲ ನನಗೆ ಉಳಿಸಿಕೊಟ್ಟವರು ಅವರು. ಒಮ್ಮೆ ಮಳೆಗೆ ದೂಡಿ, ಇನ್ನೊಮ್ಮೆ ರಟ್ಟೆ ಹಿಡಿದು ನನ್ನನ್ನು ನಿಲ್ಲಿಸಿ. ಆ ದಿನ ಕಡಲಿನಿಂದ ಮನೆಗೆ ಬಂದು ಮಲಗಿದವಳಿಗೆ ಎಚ್ಚರವಾದದ್ದು ಬೆಳಿಗ್ಗೆ, ಬಿಸಿಲು ಹಾಸಿಗೆಗೆ ಬಿದ್ದ ಮೇಲೆ. ಗಾಬರಿಯಿಂದ ಅಪ್ಪನ ಕೋಣೆಗೆ ಹೋದೆ. ಅಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.