ಕಂಚಿನ ಬಟ್ಟಲು, ಕರಿ ಬೂಟು

ದಾಸರಹಳ್ಳಿಯಲ್ಲಿ ನಾನಿದ್ದದ್ದು ಒಂದು ಸಾಲುಮನೆಯ ಕೊನೆಯ ಕೋಣೆಯಲ್ಲಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಪೀಣ್ಯದ ಫೌಂಡ್ರಿಯೊಂದರಲ್ಲಿ ಕೆಲಸ. ಕರಗಿದ ಕಬ್ಬಿಣ ಹುಯ್ಯುವವರ ಕಾಲಿಗೆ ಕಂಪನಿಯವರು ಗಟ್ಟಿ ಚರ್ಮದ ಬೂಟು ಕೊಡುತ್ತಿದ್ದರು. ಜೊತೆಯವರು ಅದನ್ನು ಹರಿಯುವವರೆಗೆ ತುಳಿದು ಎಸೆಯುತ್ತಿದ್ದರು. ನನಗೆ ಮಾತ್ರ ಅದರ ಮೇಲೆ ಮನಸ್ಸು ಕೂತಿತು. ಮದುವೆಯಾಗಿರಲಿಲ್ಲ, ಊರಿನಲ್ಲಿ ಕಾಯುವವರು ಯಾರೂ ಉಳಿದಿರಲಿಲ್ಲ. ಪಾಳಿ ಮುಗಿಸಿ ಬಂದು ಬಾಗಿಲು ತೆಗೆದರೆ, ಬೆಳಿಗ್ಗೆ ಇಟ್ಟುಹೋದ ಚೊಂಬು ಇಟ್ಟ ಕಡೆಯೇ ಇರುತ್ತಿತ್ತು. ಅಂಥವನಿಗೆ ಭಾನುವಾರ ಬಹಳ ಉದ್ದದ ದಿನ.

ಆ ದಿನವನ್ನು ಬೂಟು ಸಾಗಿಸಿಕೊಡುತ್ತಿತ್ತು. ಬಾಗಿಲ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಕೂತು, ಹೊಲಿಗೆಯ ಸಂದಿಯಲ್ಲಿ ಸೇರಿದ ಮರಳನ್ನು ಕಡ್ಡಿಯಿಂದ ಕೆದಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿಗಿಡುತ್ತಿದ್ದೆ. ಬಿಸಿಲಿಗಿಟ್ಟರೆ ಚರ್ಮ ಬಿರಿಯುತ್ತದೆ. ಕಿಡಿ ಬಿದ್ದು ಸುಟ್ಟ ಕಡೆ ಎರಡು ಹನಿ ಹರಳೆಣ್ಣೆ. ಆಮೇಲೆ ಕರಿ ಪಾಲಿಶನ್ನು ಹಳೆ ಬನಿಯನ್ನಿನ ಚೂರಿನಲ್ಲಿ ಹಚ್ಚಿ, ಅದು ಆರುವವರೆಗೆ ಸುಮ್ಮನೆ ಕೂರಬೇಕು. ಹಾಗೆ ಕೂರುವುದೇ ನನಗೆ ಬಹಳ ಇಷ್ಟ. ಕೆಲಸವಿಲ್ಲದೆ ಕೂತವನನ್ನು ಕಂಡರೆ ಜನ ಪಾಪ, ಒಂಟಿ ಎನ್ನುತ್ತಾರೆ. ಪಾಲಿಶ್ ಆರಲಿ ಎಂದು ಕೂತವನನ್ನು ಯಾರೂ ಹಾಗೆನ್ನುವುದಿಲ್ಲ. ಬ್ರಷ್ಷು ಓಡಿಸಿದರೆ ಮಂಕು ಚರ್ಮ ನಿಧಾನಕ್ಕೆ ಕಣ್ಣು ಬಿಡುತ್ತಿತ್ತು. ಆ ಹೊತ್ತಿನಲ್ಲಿ ನಾನು ಸುಖವಾಗಿದ್ದೆ. ಹೀಗೆ ಹೇಳಲು ನನಗೇನೂ ನಾಚಿಕೆಯಿಲ್ಲ.

ಸಾಲುಮನೆಯ ಯಜಮಾನರು ಅದೇ ಊರಿನ ರೈತರು. ಹೊಲದ ಒಂದು ತುಂಡಿನಲ್ಲಿ ಕೋಣೆಗಳನ್ನು ಕಟ್ಟಿಸಿ ಕಾರ್ಖಾನೆಯ ಕೆಲಸದವರಿಗೆ ಬಾಡಿಗೆಗೆ ಕೊಟ್ಟು, ಉಳಿದದ್ದರಲ್ಲಿ ರಾಗಿ ಬಿತ್ತುತ್ತಿದ್ದರು. ಅವರ ತಾಯಿಯನ್ನು ನಾವೆಲ್ಲ ಅಜ್ಜಿ ಎನ್ನುತ್ತಿದ್ದೆವು. ಭಾನುವಾರ ಮಧ್ಯಾಹ್ನ ಅಜ್ಜಿ ನನಗೆಂದು ಒಂದು ಕಂಚಿನ ಬಟ್ಟಲಲ್ಲಿ ಸಾರು ತರುತ್ತಿದ್ದರು. ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಯದು. ಬೂಟಿಗೆ ಹರಳೆಣ್ಣೆ ಕೊಟ್ಟವರೂ ಅವರೇ. ಬಟ್ಟಲನ್ನು ಬರಿದಾಗಿ ಹಿಂತಿರುಗಿಸಬಾರದಲ್ಲ, ತೊಳೆದು ಒಂದು ಹಿಡಿ ಸಕ್ಕರೆ ಹಾಕಿಕೊಂಡು ಸಂಜೆ ಅವರ ಬಾಗಿಲಿಗೆ ಹೋಗುತ್ತಿದ್ದೆ. ಕೂತ್ಕ ಮಗ ಎನ್ನುತ್ತಿದ್ದರು. ಮಳೆ, ರಾಗಿ, ಅವರ ಮಂಡಿನೋವು, ಹೀಗೆ ಏನಾದರೂ ಮಾತು. ಫೌಂಡ್ರಿಯ ಸದ್ದಿನಲ್ಲಿ ಕೂಗುವುದನ್ನು ಬಿಟ್ಟರೆ ವಾರದಲ್ಲಿ ನಾನಾಡುತ್ತಿದ್ದ ಮಾತು ಅಷ್ಟೇ.

ಒಂದು ಭಾನುವಾರ ಅಜ್ಜಿ ನಾನು ಬೂಟು ಉಜ್ಜುವುದನ್ನು ಬಹಳ ಹೊತ್ತು ನಿಂತು ನೋಡಿದರು.

“ಇಂಗೆ ಉಜ್ಜಾದು ಯಾರು ಕಲ್ಸಿದ್ರು ಮಗ?”

ಯಾರೂ ಇಲ್ಲ, ನಾನೇ ಕಲಿತೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಚರ್ಮವನ್ನು ಇಷ್ಟು ಅಕ್ಕರೆಯಿಂದ ಮುಟ್ಟುವ ಕೈ ಅದಕ್ಕೆಂದೇ ಹುಟ್ಟಿರಬೇಕು ಎಂದು ಅವರ ಎಣಿಕೆ. ನಿಮ್ಮೋರು ಊರಾಗೆ ಏನ್ ಕೆಲ್ಸ ಮಾಡೋರು ಎಂದು ಕೇಳಿದರು. ಕೇಳಿದ್ದು ಕೆಲಸವನ್ನಲ್ಲ, ಜಾತಿಯನ್ನು ಎಂಬುದು ಇಬ್ಬರಿಗೂ ಗೊತ್ತಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ. ಕೈಕೆಲಸ ಅಜ್ಜಿ ಎಂದು ಮತ್ತೆ ಬ್ರಷ್ಷು ಎತ್ತಿಕೊಂಡೆ.

ಮುಂದಿನ ಭಾನುವಾರ ಬಟ್ಟಲು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನ್ನ ಕೈ ಮಸಿಯಾದದ್ದಕ್ಕೆ, ಬರುತ್ತಿದ್ದ ಸಾರೂ ನಿಂತಿತು. ಕೊನೆಗೆ ಯಜಮಾನರೇ ಬಂದರು. ಕೋಣೆ ಬಿಡಿ ಎನ್ನಲಿಲ್ಲ. ಗೋಡೆ ನೋಡುತ್ತ ಹೇಳಿದರು: “ನಂಗೇನಿಲ್ಲ ಸಾರ್, ಅಮ್ಮ ಹಳೇ ಕಾಲದೋರು. ಒಂದ್ ಮಾತು ಹೇಳ್ಬಿಡಿ, ಮುಗ್ದೋಯ್ತದೆ.”

ಹೇಳಬಹುದಿತ್ತು. ಹೇಳಿದ್ದರೆ ಬಟ್ಟಲು ತಿರುಗಿ ಬರುತ್ತಿತ್ತು, ಇಲ್ಲವೇ ಶಾಶ್ವತವಾಗಿ ನಿಲ್ಲುತ್ತಿತ್ತು. ಆದರೆ ಏನು ಹೇಳಿದ್ದರೂ ಆ ಪ್ರಶ್ನೆಗೆ ನಾನು ತಲೆಬಾಗಿದಂತೆ. ಹೇಳಲಿಲ್ಲ. ಓದುತ್ತಿರುವ ನಿಮಗೂ ಹೇಳುವುದಿಲ್ಲ. ಹಟವೇನೋ ಉಳಿಯಿತು, ಆದರೆ ಭಾನುವಾರದ ಸಂಜೆ ಅಜ್ಜಿಯ ಬಾಗಿಲ ಕಡೆಗೇ ಕಣ್ಣು ಹೋಗುತ್ತಿತ್ತು.

ಅದೇ ವರ್ಷ ಯಜಮಾನರ ಮಗಳ ಮದುವೆ. ಮನೆ ಮುಂದೆಯೇ ಚಪ್ಪರ. ಹಿಂದಿನ ದಿನ ಗಂಡಿನವರು ಬಂದಿಳಿಯುವ ಹೊತ್ತಿಗೆ ಮಳೆ ಹುಯ್ದು, ಡಾಂಬರು ಕಾಣದ ನಮ್ಮ ಬೀದಿಯ ಕೆಸರಿನಲ್ಲಿ ಮದುಮಗನ ಹೊಸ ಬೂಟು ಹೂತುಹೋಯಿತು. ಯಜಮಾನರು ಆ ಜೋಡಿಯನ್ನು ಎರಡು ಬೆರಳಲ್ಲಿ ನೇತಾಡಿಸಿಕೊಂಡು ನನ್ನ ಬಾಗಿಲಿಗೆ ಬಂದು ನಿಂತರು. ನಾನು ಕೈಚಾಚಿ ತೆಗೆದುಕೊಂಡೆ. ಒಳ್ಳೆಯ ಚರ್ಮ, ಹಾಗೇ ಬಿಡಲು ಮನಸ್ಸಾಗಲಿಲ್ಲ. ಕೆಲಸಕ್ಕೆ ಕೂತ ಮೇಲೆ ಸಿಟ್ಟು ಎಲ್ಲಿ ಹೋಯಿತೋ. ಓಲಗ ಕೇಳುತ್ತ, ಬೂಟಿನ ತುದಿಯಲ್ಲಿ ಚಪ್ಪರದ ದೀಪ ಕಾಣುವವರೆಗೆ ಉಜ್ಜಿದೆ. ಮದುಮಗ ಅದನ್ನು ಮೆಟ್ಟಿಕೊಂಡು ನಡೆದದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ಹೆಮ್ಮೆಯಾಯಿತು.

ಊಟಕ್ಕೆ ಕರೆದೇ ಕರೆಯುತ್ತಾರೆಂದು ಮರುದಿನ ರಜೆ ಹಾಕಿದ್ದೆ. ಸಾಲುಮನೆಯ ಎಲ್ಲ ಬಾಗಿಲಿಗೂ ಕರೆ ಬಂತು, ನನ್ನದೊಂದು ಬಿಟ್ಟು. ಪಂಕ್ತಿಗಳೆಲ್ಲ ಎದ್ದ ಮೇಲೆ ಅಜ್ಜಿ ಬಂದರು. ಕೈಯಲ್ಲಿ ಪಾಯಸದ ಬಕೆಟ್ಟು, ಸೌಟು. ನನ್ನ ಕಣ್ಣು ಆ ಕಂಚಿನ ಬಟ್ಟಲನ್ನು ಹುಡುಕಿತು.

“ನಿಂದೊಂದು ಪಾತ್ರೆ ತಕಂಬಾ ಮಗ” ಎಂದರು.

ದನಿಯಲ್ಲಿ ಮೊದಲಿನ ಅಕ್ಕರೆಯೇ ಇತ್ತು. ನನಗೆ ಹೆಚ್ಚು ನೋವಾದದ್ದು ಅದಕ್ಕೆ. ಟಿಫನ್ ಬಾಕ್ಸ್ ತಂದು ಹಿಡಿದೆ. ಸೌಟು ತಾಗದಂತೆ ಮೇಲಿನಿಂದ ಹುಯ್ದು ಹೋದರು.

ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಪಾಯಸ ಚೆನ್ನಾಗಿತ್ತು, ಪೂರ್ತಿ ತಿಂದೆ. ಬಾಕ್ಸ್ ತೊಳೆದು, ಅಭ್ಯಾಸಬಲದಿಂದ ಸಕ್ಕರೆ ಡಬ್ಬಿಗೆ ಕೈ ಹಾಕಿದೆ. ಆಗ ನೆನಪಾಯಿತು, ಈ ಪಾತ್ರೆ ನನ್ನದೇ. ಸಂಜೆ ಆ ಬಾಗಿಲಿಗೆ ಹೋಗಲು ನನ್ನ ಕೈಯಲ್ಲಿ ಅವರದ್ದೇನೂ ಇರಲಿಲ್ಲ. ಹಿಡಿದ ಸಕ್ಕರೆಯನ್ನು ಡಬ್ಬಿಗೇ ಹಾಕಿ, ನನ್ನ ಬೂಟು ತೆಗೆದುಕೊಂಡು ಕಲ್ಲಿನ ಮೇಲೆ ಕೂತೆ. ಅಂದು ಭಾನುವಾರವಾಗಿರಲಿಲ್ಲ.