ಹೆಚ್ಚಾದ ನಾಲ್ಕು ಮೈಲಿ

ಬೆಳಗಿನ ಆರು ಗಂಟೆ. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯ ಷಟರ್ ಅರ್ಧ ಎತ್ತಿದೆ. ಒಳಗೆ ಎಲ್ಲರ ‘ಮೀಟರ್ ಮಾವ’ ಕೈಕಟ್ಟಿ ಕೂತು, ಮೇಜಿನ ಮೇಲಿರುವ ಹಳೇ ಕಾರಿನ ಸ್ಪೀಡೋಮೀಟರನ್ನು ದಿಟ್ಟಿಸುತ್ತಿದ್ದಾರೆ. ರಿಪೇರಿ ನಿನ್ನೆಯೇ ಮುಗಿದಿದೆ.

“ಮೀಟರ್ ಸರಿಯಾಯ್ತು, ನಾನೇ ಕೆಟ್ಟೆ,” ಎನ್ನುತ್ತಾರೆ, ತಮ್ಮ ಬಗ್ಗೆ ಬರೆಯಲು ಬಂದ ನನಗೆ.

ಮೀಟರ್ ತಂದವರು ನಿವೃತ್ತ ಟೀಚರಮ್ಮ. ಕಾರು ಅವರ ತಂದೆಯದು. ತಂದೆ ಕೊನೆಯ ಸಲ ಓಡಿಸಿ ನಿಲ್ಲಿಸಿದಾಗ ಮೀಟರಿನಲ್ಲಿ ಇದ್ದ ಮೈಲಿಯ ಅಂಕಿ 41386. ಇಪ್ಪತ್ತು ವರ್ಷದಿಂದ ಅದು ಕದಲಿಲ್ಲ. “ಅಪ್ಪನ ನಂಬರ್ ಮುಟ್ಟಬೇಡಿ. ಮುಂದಿನ ಮೈಲಿ ನಾನೇ ಓಡಿಸಿ ಸೇರಿಸ್ತೀನಿ,” ಎಂದು ಹೇಳಿ ಹೋಗಿದ್ದರು.

ಮುಳ್ಳಿನ ಹಿಂದೆ ಗ್ರೀಸ್ ಒಣಗಿ ಗಟ್ಟಿಯಾಗಿತ್ತು. ಅದನ್ನು ಕೆರೆದು ತೆಗೆದು, ಡ್ರಿಲ್ ಮೆಷಿನ್‌ಗೆ ಮೀಟರಿನ ಕೇಬಲ್ ಸಿಕ್ಕಿಸಿ ತಿರುಗಿಸುವುದು ಮಾವನ ಪರೀಕ್ಷೆ. ಅದಕ್ಕೂ ಮುಂಚೆ, ಮೈಲಿ ಏರದ ಹಾಗೆ, ಅಂಕಿಗಳ ಚಕ್ರವನ್ನು ಬಿಚ್ಚಿಡಬೇಕು. ನಿನ್ನೆ ಮರೆತರು. “ಸತ್ತಿದ್ದ ಮುಳ್ಳು ಅರವತ್ತಕ್ಕೆ ಏರಿ ನಿಂತ್ಕೊಳ್ತು ನೋಡಿ, ಮೈಮರೆತುಬಿಟ್ಟೆ.” ಎಚ್ಚೆತ್ತು ನೋಡಿದರೆ 41390.

ಚಕ್ರ ಹಿಂದಕ್ಕೆ ಹಾಕಲು ಎರಡು ನಿಮಿಷ ಸಾಕು. ಆದರೆ ಮೂವತ್ತೆಂಟು ವರ್ಷದಲ್ಲಿ ಮಾವ ಒಂದು ಅಂಕಿಯನ್ನೂ ಹಿಂದೆ ಸರಿಸಿದವರಲ್ಲ. ಹಳೇ ಕಾರು ಮಾರುವ ದಲ್ಲಾಳಿಗಳು ಇದಕ್ಕೇ ದುಂಬಾಲು ಬೀಳುತ್ತಿದ್ದರು, ಬೈಸಿಕೊಂಡು ಹೋಗುತ್ತಿದ್ದರು. ದಿನಕ್ಕೆ ಎಂಟು ಮೀಟರ್ ಬರುತ್ತಿದ್ದ ಅಂಗಡಿಗೆ ಈಗ ವಾರಕ್ಕೊಂದು ಬಂದರೆ ಹೆಚ್ಚು.

“ಹಿಂದಕ್ಕೆ ಹಾಕಿದ್ರೆ ಸುಳ್ಳು. ಹಾಕದಿದ್ರೆ, ಓಡದ ನಾಲ್ಕು ಮೈಲಿ ಓಡಿದೀನಿ ಅನ್ನುತ್ತಲ್ಲ, ಅದೂ ಸುಳ್ಳೇ! ಯಾವುದು ಸಣ್ಣ ಸುಳ್ಳು, ನೀವೇ ಹೇಳಿ.” ಹೆಂಡತಿಯನ್ನು ಕೇಳಿದ್ದಕ್ಕೆ, ತಿರುಗಿಸಿಬಿಡಿ, ಯಾರಿಗೆ ಗೊತ್ತಾಗುತ್ತೆ ಎಂದರಂತೆ. ನಾನೂ ತಲೆ ಕೆರೆದುಕೊಳ್ಳುತ್ತೇನೆ.

ಎಂಟಕ್ಕೆ ಟೀಚರಮ್ಮ ಬರುತ್ತಾರೆ. ಕೂರಿ ಎನ್ನುವುದನ್ನೂ ಮರೆತು ಮಾವ ಎಲ್ಲ ಒದರಿಬಿಡುತ್ತಾರೆ. “ನೀವು ಹೂಂ ಅಂದ್ರೆ ಹಿಂದಕ್ಕೆ ಹಾಕ್ತೀನಮ್ಮ. ನಿಮಗೆ ಮಾತ್ರ.”

ಆಕೆ ಅಂಕಿಯನ್ನೇ ನೋಡುತ್ತಾರೆ. ಕಣ್ಣು ತುಂಬಿದೆ. ನನಗೆ ಭಯವೇ ಆಗುತ್ತದೆ.

“ಬೇಡ ಬಿಡಿ,” ಎನ್ನುತ್ತಾರೆ ಕೊನೆಗೆ. “ನಮ್ಮಪ್ಪನಿಗೆ ರಿವರ್ಸ್ ತೆಗೆಯೋಕೇ ಬರ್ತಿರಲಿಲ್ಲ. ನಾವು ಮಕ್ಕಳೇ ಇಳಿದು ತಳ್ಳಬೇಕಿತ್ತು.”

ನಗಬೇಕೋ ಬೇಡವೋ ತಿಳಿಯದೆ ಮಾವ ನನ್ನ ಮುಖ ನೋಡುತ್ತಾರೆ. ಮೀಟರನ್ನು ಬಟ್ಟೆಯಲ್ಲಿ ಸುತ್ತಿದವರು ಕೊಡದೆ ಹಿಡಿದೇ ನಿಲ್ಲುತ್ತಾರೆ. ಇಷ್ಟು ವರ್ಷ ಮೀಟರ್‌ಗಳು ಚೀಲದಲ್ಲಿ ಬಂದು ಚೀಲದಲ್ಲೇ ಹೋಗಿವೆ. ತಾವು ರಿಪೇರಿ ಮಾಡಿದ ಒಂದು ಮೀಟರೂ ರಸ್ತೆಯ ಮೇಲೆ ಓಡಿದ್ದನ್ನು ಇವರು ಕಂಡಿಲ್ಲ.

“ಒಂದು ಮೈಲಿ ನನ್ನೂ ಕರ್ಕೊಂಡು ಹೋಗ್ತೀರಾಮ್ಮ? ನೀವು ರಸ್ತೆ ನೋಡ್ಕೊಳ್ಳಿ. ಮುಳ್ಳು ನಾನು ನೋಡ್ಕೊಳ್ತೀನಿ.”