ಮುಖ ನೋಡದ ಕೂಸು

ಸಿಡ್ನಿಯಲ್ಲಿ ನನ್ನ ಮಗಳ ಹೆಣ್ಣು ಕೂಸು ಎರಡು ತಿಂಗಳಿಗೇ ಮುಖ ಗುರುತಿಸಿ ನಗುತ್ತಿತ್ತು. ನಾನು ಕಥೆ ಹೇಳುತ್ತ ನಡುವೆ ನಿಲ್ಲಿಸಿದರೆ ಹುಬ್ಬು ಗಂಟಿಕ್ಕಿ ಬೈಯುವಂತೆ ಕೂಗುತ್ತಿತ್ತು. ಇದು ನಮ್ಮ ಅಜ್ಜಿಯ ಪಡಿಯಚ್ಚು ಎಂದು ಧಾರವಾಡಕ್ಕೆಲ್ಲ ಫೋನ್ ಮಾಡಿ ಹೇಳಿದ್ದೆ.

ಮರುವರ್ಷ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಮಗನಿಗೆ ಗಂಡು ಕೂಸು ಹುಟ್ಟಿತು. ಸೊಸೆಯ ತಾಯಿಗೆ ವೀಸಾ ಸಿಗಲಿಲ್ಲವೆಂದು ಬಾಣಂತನಕ್ಕೆ ನಾನೇ ಹೋದೆ. ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿ ನೀರು ಹಾಕುವಾಗ ಎಷ್ಟು ಮಾತಾಡಿಸಿದರೂ ಕೂಸು ನನ್ನನ್ನು ನೋಡುತ್ತಿರಲಿಲ್ಲ. ಕಿಟಕಿಯ ಬೆಳಕಿಗೋ, ಅಡುಗೆಮನೆಯ ದೀಪಕ್ಕೋ ಕತ್ತು ಹೊರಳಿಸುತ್ತಿತ್ತು.

ಎರಡು ತಿಂಗಳು ತುಂಬಿದಾಗ ಸೊಸೆ, "ಅತ್ತಿ, ಇಂವಾ ನನ್ನ ಮಾರೀನ ನೋಡವಲ್ಲ" ಅಂದಳು. ಡಾಕ್ಟರ ಹತ್ತಿರ ಮರುದಿನಕ್ಕೆ ಬುಕ್ ಮಾಡಿಯೂ ಇದ್ದಳು.

ನನಗೆ ನಗು ಬಂತು. ಅಜ್ಜಿಯ ಬಾಯಿಂದ ಕೇಳಿದ್ದೇ ನನ್ನ ಬಾಯಿಗೂ ಬಂತು.

"ಹೆಣ್ಣು ಕೂಸು ಮಾರಿ ನೋಡತಾವ, ಗಂಡು ಕೂಸು ದೀಪ ನೋಡತಾವ. ನಿನ್ನ ಗಂಡನೂ ಹಂಗ ಇದ್ದ. ಸುಮ್ಮನ ಯಾಕ ಅಂಜತೀಯವಾ?"

ಅವನು ಈಗಲಾದರೂ ಲ್ಯಾಪ್‌ಟಾಪ್ ಬಿಟ್ಟು ನಿನ್ನ ಮುಖ ನೋಡುತ್ತಾನೇನು ಎಂದೂ ಸೇರಿಸಿದೆ. ಸೊಸೆ ನಕ್ಕಳು. ನಗುತ್ತಲೇ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದಳು. ಮಗ ಕೂಸಾಗಿದ್ದಾಗ ಹಾಗಿದ್ದನೋ ಇಲ್ಲವೋ, ನಿಜಕ್ಕೂ ನನಗೆ ನೆನಪಿರಲಿಲ್ಲ. ಮಾತು ಚೆಂದ ಕೂಡಿ ಬಂತು, ಆಡಿಬಿಟ್ಟೆ.

ನಾಲ್ಕನೆಯ ತಿಂಗಳ ಲಸಿಕೆಗೆ ಹೋದಾಗ ನರ್ಸ್ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ ಡಾಕ್ಟರನ್ನು ಕರೆದಳು. ಎರಡೂ ಕಣ್ಣಲ್ಲಿ ಪೊರೆ. ಕೂಸಿಗೆ ಬೆಳಕಿನ ಹೊರತು ಏನೂ ಕಾಣುತ್ತಿರಲಿಲ್ಲ. ಅದೇ ವಾರ ಆಪರೇಷನ್ ಆಯಿತು. ಕಣ್ಣು ನೋಡಲು ಕಲಿಯುವ ಕಾಲ ಬಹುಪಾಲು ಕಳೆದುಹೋಗಿದೆ, ಎರಡು ತಿಂಗಳು ಮೊದಲೇ ತರಬೇಕಿತ್ತು ಎಂದರು ಡಾಕ್ಟರು. ಆಕಾರ, ನೆರಳು ಕಂಡಾವು, ಅದಕ್ಕಿಂತ ಹೆಚ್ಚಿನ ಆಸೆ ಬೇಡವಂತೆ.

ಈ ಸಲ ನಾನು ಬಂದಾಗ ಅವನಿಗೆ ಒಂದೂವರೆ ವರ್ಷ, ಮೂಗಿನ ಮೇಲೆ ದಪ್ಪ ಕನ್ನಡಕ. ಸೊಸೆ ಇವತ್ತಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ನಾನು ಕಥೆ ಹೇಳುವುದನ್ನು ಬಿಟ್ಟಿದ್ದೇನೆ, ಬಾಯಿ ತೆರೆಯಲು ಅಂಜಿಕೆ. ಮೊನ್ನೆ ತಡೆಯಲಾರದೆ, ಒಮ್ಮೆ ಬೈದುಬಿಡವಾ ಎಂದು ಬೇಡಿಕೊಂಡೆ.

"ನಿಮ್ಮನ್ನ ಬೈದು ಏನ್ ಮಾಡ್ಲಿ ಅತ್ತಿ? ಬುಕ್ ಮಾಡಿದಾಕಿ ನಾನು, ಕ್ಯಾನ್ಸಲ್ ಮಾಡಿದಾಕೀನೂ ನಾನು."

ತಾಯಿಯ ದನಿ ಕೇಳಿ ನನ್ನ ತೊಡೆಯ ಮೇಲಿದ್ದ ಕೂಸು ನಗುತ್ತ ತಿರುಗಿತು. ಕಣ್ಣುಗಳು ಅವಳ ಹೆಗಲು ದಾಟಿ ಗೋಡೆಯ ಮೇಲೆ ನಿಂತವು.